ವಾಹನದ ಸಿ.ಬಿ. ರೇಡಿಯೊ: ಆಂಟೆನಾ ಶ್ರುತಿಗೊಳಿಸುವ ಕ್ರಮ ಮತ್ತು ಉದ್ಯಮಿಗಳು ಅರಿತಿರಬೇಕಾದ ನಿಯಮಗಳು

ಮಾಗಡಿ ತಾಲ್ಲೂಕಿನ ಕಲ್ಯ ಗ್ರಾಮವು ಇತಿಹಾಸಾಸಕ್ತರಿಗೆ ವಿಜಯನಗರದ ಬುಕ್ಕರಾಯನ ಕಾಲದ, 1368ರ ಶಾಸನದಿಂದ ಪರಿಚಿತವಾಗಿದೆ. ಜೈನರಿಗೂ ಶ್ರೀವೈಷ್ಣವರಿಗೂ ನಡುವೆ ತಲೆದೋರಿದ ವಿವಾದವನ್ನು ಅರಸನು ಬಗೆಹರಿಸಿದ ಸಂಗತಿಯನ್ನು ಆ ಶಾಸನವು ದಾಖಲಿಸುತ್ತದೆ. ಸರಕು ಸಾಗಣೆಯಲ್ಲಿ ತೊಡಗಿದವರಿಗಾದರೋ ಈ ಸೀಮೆಯು ಬಂಡೆ, ಬೆಟ್ಟ, ತಗ್ಗುಗಳ ದಾರಿಯೆಂದೇ ಪರಿಚಯ. 2007ರಲ್ಲಿ ರಚಿತವಾಗಿ, 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರನ್ನು ಪಡೆದ ರಾಮನಗರ ಜಿಲ್ಲೆಯ ಬಹುಭಾಗವು ಇಂತಹ ಭೂಪ್ರದೇಶವೇ ಆಗಿದೆ. ಸಾವನದುರ್ಗದಂತಹ ಏಕಶಿಲಾ ಬೆಟ್ಟಗಳ ಮರೆಯಲ್ಲಿ ದೂರವಾಣಿ ಸಂಕೇತವು ಕ್ಷೀಣಿಸುವುದು ಅಸಹಜವಲ್ಲ. ಕಲ್ಲು, ಮರಳು, ಮಾವು, ತೆಂಗು, ರೇಷ್ಮೆಗೂಡು ಮುಂತಾದ ಸರಕುಗಳನ್ನು ಎರಡು ಮೂರು ವಾಹನಗಳಲ್ಲಿ ಒಟ್ಟಾಗಿ ಸಾಗಿಸುವವರು, ಗಣಿ ಮತ್ತು ಕ್ರಷರ್ ಘಟಕಗಳಲ್ಲಿ ಟಿಪ್ಪರ್‌ಗಳನ್ನು ನಡೆಸುವವರು ವಾಹನದಿಂದ ವಾಹನಕ್ಕೆ ನೇರವಾಗಿ ಮಾತನಾಡುವ ರೇಡಿಯೊ ಉಪಕರಣದ ಬಗ್ಗೆ ವಿಚಾರಿಸುವುದು ಸಹಜವೇ ಆಗಿದೆ.

ಇಂತಹ ಉಪಕರಣಗಳಲ್ಲಿ ಸಿ.ಬಿ. ರೇಡಿಯೊ, ಅಂದರೆ ನಾಗರಿಕ ಬ್ಯಾಂಡಿನ ರೇಡಿಯೊ ಒಂದು. ಇದನ್ನು ಕೊಂಡು ಅಳವಡಿಸಿದವರಲ್ಲಿ ಕೇಳಿಬರುವ ಸಾಮಾನ್ಯ ದೂರು ಎಂದರೆ, ಅರ್ಧ ಕಿಲೋಮೀಟರ್ ದಾಟಿದೊಡನೆ ಮಾತು ಕೇಳಿಸುವುದಿಲ್ಲ ಎಂಬುದು. ದೋಷವು ಬಹುತೇಕ ರೇಡಿಯೊದಲ್ಲಿರುವುದಿಲ್ಲ. ವಾಹನದ ಮೇಲೆ ನಿಲ್ಲಿಸಿದ ಆಂಟೆನಾದಲ್ಲಿ, ಅದರ ತಳಪಾಯದಲ್ಲಿ, ಇಲ್ಲವೇ ಅವೆರಡನ್ನು ಜೋಡಿಸುವ ಕೇಬಲಿನಲ್ಲಿರುತ್ತದೆ. ಆಂಟೆನಾವನ್ನು ಸರಿಯಾಗಿ ಶ್ರುತಿಗೊಳಿಸದೆ ಬಳಸಿದಲ್ಲಿ ದೂರ ಕಡಿಮೆಯಾಗುವುದಲ್ಲದೆ, ಪ್ರಸಾರಕದ ಅಂತಿಮ ಹಂತದ ಟ್ರಾನ್ಸಿಸ್ಟರ್ ಬಿಸಿಯಾಗಿ ಕೆಟ್ಟುಹೋಗುವ ಸಂಭವವೂ ಉಂಟು. ಆದುದರಿಂದ ಶ್ರುತಿಗೊಳಿಸುವ ಕ್ರಮವನ್ನು, ಅದರೊಂದಿಗೆ ಕಾನೂನು ಹಾಗೂ ಲೆಕ್ಕಪತ್ರಗಳಿಗೆ ಸಂಬಂಧಿಸಿದ ಅಂಶಗಳನ್ನು ಇಲ್ಲಿ ಕ್ರಮವಾಗಿ ವಿವರಿಸಲಾಗಿದೆ.

ಹಿನ್ನೆಲೆ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ 1958ರಲ್ಲಿ 27 ಮೆಗಾಹರ್ಟ್ಜ್ ಪಟ್ಟಿಯನ್ನು ಸಾಮಾನ್ಯ ನಾಗರಿಕರ ಬಳಕೆಗೆ ತೆರೆಯಲಾಯಿತು. 1973ರ ತೈಲ ಬಿಕ್ಕಟ್ಟಿನ ಕಾಲದಲ್ಲಿ ಅಲ್ಲಿನ ಲಾರಿ ಚಾಲಕರು ಇಂಧನ ದೊರೆಯುವ ಸ್ಥಳಗಳನ್ನು ಪರಸ್ಪರ ತಿಳಿಸಲು ಈ ರೇಡಿಯೊವನ್ನು ಹೇರಳವಾಗಿ ಬಳಸತೊಡಗಿದರು. 1977ರಲ್ಲಿ ಚಾನೆಲ್‌ಗಳ ಸಂಖ್ಯೆ 23ರಿಂದ 40ಕ್ಕೆ ಏರಿತು. ಭಾರತದಲ್ಲಿ ಪರವಾನಗಿಯ ವಿನಾಯಿತಿ ದೊರೆತದ್ದು 2005ರಲ್ಲಿ. ಅಷ್ಟು ಹೊತ್ತಿಗೆ ಮೊಬೈಲ್ ದೂರವಾಣಿಯು ಅಗ್ಗವಾಗಿದ್ದುದರಿಂದ ಅಮೆರಿಕದ ಹೆದ್ದಾರಿಗಳಂತಹ ಬಳಕೆ ನಮ್ಮಲ್ಲಿ ಬೆಳೆಯಲಿಲ್ಲ. ಆದರೂ ಒಂದು ಸೌಲಭ್ಯವು ಈ ರೇಡಿಯೊಗೆ ವಿಶಿಷ್ಟವಾದದ್ದು: ಒಬ್ಬರು ಆಡಿದ ಮಾತು ಅದೇ ಚಾನೆಲಿನಲ್ಲಿರುವ ಎಲ್ಲ ವಾಹನಗಳಿಗೂ ಏಕಕಾಲದಲ್ಲಿ ಕೇಳಿಸುತ್ತದೆ, ಇದಕ್ಕೆ ಗೋಪುರವೂ ಬೇಡ, ಮಾಸಿಕ ಶುಲ್ಕವೂ ಇಲ್ಲ.

ಕಾನೂನಿನ ಚೌಕಟ್ಟು

ಕೇಂದ್ರ ಸರ್ಕಾರವು 2005ರ ಆಗಸ್ಟ್ ತಿಂಗಳಲ್ಲಿ ಪ್ರಕಟಿಸಿದ ನಿಯಮಗಳ ಮೂಲಕ 26.957ರಿಂದ 27.283 ಮೆಗಾಹರ್ಟ್ಜ್‌ವರೆಗಿನ ಪಟ್ಟಿಯಲ್ಲಿ ಕಡಿಮೆ ಶಕ್ತಿಯ ಉಪಕರಣಗಳ ಬಳಕೆಗೆ ಪರವಾನಗಿಯಿಂದ ವಿನಾಯಿತಿ ನೀಡಿತು. ಇದಕ್ಕೆ ಮೂರು ಮುಖ್ಯ ಮಿತಿಗಳನ್ನು ಗಮನಿಸಬೇಕು.

ಒಂದು, ಆಂಟೆನಾದಿಂದ ಹೊರಹೊಮ್ಮುವ ಪರಿಣಾಮಕಾರಿ ವಿಕಿರಣ ಶಕ್ತಿಯು 5 ವಾಟ್ ಮೀರಬಾರದು. ಇಲ್ಲಿ ಲೆಕ್ಕಕ್ಕೆ ಬರುವುದು ರೇಡಿಯೊದ ಉತ್ಪಾದನೆ ಮಾತ್ರವಲ್ಲ, ಆಂಟೆನಾದ ಗಳಿಕೆಯೂ ಸೇರುತ್ತದೆ. ಹೊರಗಿನಿಂದ ಶಕ್ತಿವರ್ಧಕವನ್ನು ಜೋಡಿಸಿ ಈ ಮಿತಿಯನ್ನು ದಾಟಿದಲ್ಲಿ ವಿನಾಯಿತಿಯೇ ಇಲ್ಲವಾಗುತ್ತದೆ.

ಎರಡು, ಬಳಕೆದಾರನು ಇತರ ಸೇವೆಗಳಿಗೆ ಅಡಚಣೆ ಉಂಟುಮಾಡಬಾರದು. ಇತರರಿಂದ ತನಗೆ ಅಡಚಣೆಯಾದರೆ ರಕ್ಷಣೆಯನ್ನು ಕೇಳುವಂತೆಯೂ ಇಲ್ಲ. ಚಾನೆಲ್ ಯಾರ ಸ್ವತ್ತೂ ಅಲ್ಲ. ಅದು ಹಂಚಿಕೆಯ ಬಳಕೆಗೆ ಒಳಪಟ್ಟದ್ದು.

ಮೂರು, ಉಪಕರಣಕ್ಕೆ ದೂರಸಂಪರ್ಕ ಇಲಾಖೆಯ ನಿಸ್ತಂತು ಯೋಜನೆ ಮತ್ತು ಸಮನ್ವಯ ವಿಭಾಗದ ಮಾದರಿ ಅನುಮೋದನೆ ಇರಬೇಕು. ಕೊಳ್ಳುವಾಗ ಅನುಮೋದನೆಯ ಪ್ರತಿಯನ್ನು ಮಾರಾಟಗಾರರಿಂದ ಕೇಳಿ ಪಡೆಯತಕ್ಕದ್ದು. ಅದರಲ್ಲಿ ಆಂಟೆನಾ ಕುರಿತು ಇರುವ ಒಕ್ಕಣೆಯನ್ನು ಓದಿದ ನಂತರವೇ ವಾಹನದ ಹೊರಗೆ ಪ್ರತ್ಯೇಕ ಆಂಟೆನಾ ನಿಲ್ಲಿಸುವ ನಿರ್ಧಾರ ಕೈಗೊಳ್ಳುವುದು ಕ್ಷೇಮ.

ಆಮದಾದ ಉಪಕರಣಗಳಲ್ಲಿ ಒಂದು ತೊಡಕಿದೆ. ಅಮೆರಿಕದ ಮಾದರಿಯ 40 ಚಾನೆಲ್‌ಗಳು 26.965ರಿಂದ 27.405 ಮೆಗಾಹರ್ಟ್ಜ್‌ವರೆಗೆ ಹರಡಿವೆ. ಆ ಪಟ್ಟಿಯಲ್ಲಿ 27ನೇ ಚಾನೆಲ್ 27.275 ಮೆಗಾಹರ್ಟ್ಜ್ ಆಗಿದ್ದು ಭಾರತದ ಮಿತಿಯೊಳಗೆ ಬರುತ್ತದೆ; 28ನೆಯದು 27.285 ಆಗಿದ್ದು ಮಿತಿಯನ್ನು ದಾಟುತ್ತದೆ. ಹೀಗಾಗಿ 28ರಿಂದ 40ರವರೆಗಿನ ಚಾನೆಲ್‌ಗಳಲ್ಲಿ ಪ್ರಸಾರ ಮಾಡುವುದು ಈ ವಿನಾಯಿತಿಯ ವ್ಯಾಪ್ತಿಗೆ ಸೇರದು. ಗುಂಡಿಯಲ್ಲಿ ಅಂಕಿ ಇದೆ ಎಂಬ ಮಾತ್ರಕ್ಕೆ ಅನುಮತಿಯೂ ಇದೆಯೆಂದು ಭಾವಿಸಬಾರದು.

ಆನ್‌ಲೈನ್ ಖರೀದಿಯಲ್ಲಿ ಇನ್ನೂ ಹೆಚ್ಚಿನ ಎಚ್ಚರ ಅಗತ್ಯ. ಅನುಮೋದನೆಯ ವಿವರವಿಲ್ಲದೆ ವಾಕಿ-ಟಾಕಿಗಳನ್ನು ಮಾರಾಟಕ್ಕಿಟ್ಟ ಕಾರಣಕ್ಕೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2025ರ ಮೇ ತಿಂಗಳಲ್ಲಿ ಇ-ಕಾಮರ್ಸ್ ಸಂಸ್ಥೆಗಳಿಗೆ ನೋಟಿಸ್ ಜಾರಿ ಮಾಡಿತಲ್ಲದೆ, ಇಂತಹ ಉಪಕರಣಗಳ ಮಾರಾಟದ ಬಗ್ಗೆ ಮಾರ್ಗಸೂಚಿಗಳನ್ನೂ ಹೊರಡಿಸಿತು. ಪರವಾನಗಿ ಬೇಕಾದ ಉಪಕರಣವನ್ನು ಬೇಡದ್ದೆಂದು ನಂಬಿ ಕೊಂಡ ಗ್ರಾಹಕನೂ ತೊಂದರೆಗೆ ಸಿಲುಕಬಹುದು. 1885ರ ಟೆಲಿಗ್ರಾಫ್ ಕಾಯ್ದೆ ಹಾಗೂ 1933ರ ನಿಸ್ತಂತು ಕಾಯ್ದೆಗಳ ಬದಲಿಗೆ 2023ರ ದೂರಸಂಪರ್ಕ ಕಾಯ್ದೆಯನ್ನು ರೂಪಿಸಲಾಗಿದ್ದು, 2024ರಿಂದ ಅದರ ವಿಧಿಗಳನ್ನು ಹಂತಹಂತವಾಗಿ ಜಾರಿಗೆ ತರಲಾಗಿದೆ. ಆದುದರಿಂದ ಖರೀದಿಯ ದಿನದಂದು ಜಾರಿಯಲ್ಲಿರುವ ಅಧಿಸೂಚನೆಯನ್ನು ಪರಿಶೀಲಿಸಿಕೊಳ್ಳುವುದು ಒಳ್ಳೆಯದು.

ಹವ್ಯಾಸಿ ರೇಡಿಯೊ, ಅಂದರೆ ಹ್ಯಾಮ್ ಪರವಾನಗಿ ಹೊಂದಿದವರು ಅದನ್ನು ವ್ಯಾಪಾರದ ಸಂದೇಶಗಳಿಗೆ ಬಳಸುವಂತಿಲ್ಲ. ಅತಿ ಕಡಿಮೆ ದೂರದ ಬಳಕೆಗೆ 446.0ರಿಂದ 446.2 ಮೆಗಾಹರ್ಟ್ಜ್ ಪಟ್ಟಿಯಲ್ಲಿ 2018ರಲ್ಲಿ ನೀಡಿದ ವಿನಾಯಿತಿಯೂ ಉಂಟು. ಗೋದಾಮು, ಕಾರ್ಖಾನೆಯ ಆವರಣಗಳಿಗೆ ಅದು ಸಾಕಾಗಬಹುದು. ಹೆಚ್ಚು ದೂರ, ಹೆಚ್ಚು ಭರವಸೆ ಬೇಕಾದ ಸಂಸ್ಥೆಗಳು ದೂರಸಂಪರ್ಕ ಇಲಾಖೆಯಿಂದ ಸ್ವಂತ ಬಳಕೆಯ ಪರವಾನಗಿ ಪಡೆಯುವುದೇ ಸರಿಯಾದ ಮಾರ್ಗ.

ಯಾವ ಆವರ್ತನಕ್ಕೆ ಶ್ರುತಿ?

ವಿದೇಶೀ ಕೈಪಿಡಿಗಳಲ್ಲಿ 1, 20 ಮತ್ತು 40ನೇ ಚಾನೆಲ್‌ಗಳಲ್ಲಿ ಅಳತೆ ಮಾಡಿ, 20ರಲ್ಲಿ ಕನಿಷ್ಠ ಅನುಪಾತ ಬರುವಂತೆ ಹೊಂದಿಸಬೇಕೆಂದು ಸೂಚಿಸಲಾಗಿರುತ್ತದೆ. 40 ಚಾನೆಲ್‌ಗಳನ್ನು ಬಳಸುವವರಿಗೆ ಅದು ಸರಿಯೇ. ನಮ್ಮಲ್ಲಿ ಪಟ್ಟಿಯ ನಡುಬಿಂದು 27.120 ಮೆಗಾಹರ್ಟ್ಜ್. ಇದು 13ನೇ (27.115) ಮತ್ತು 14ನೇ (27.125) ಚಾನೆಲ್‌ಗಳ ನಡುವೆ ಬರುತ್ತದೆ. ಆದ್ದರಿಂದ ಭಾರತದಲ್ಲಿ ಅಳತೆಗೆ 1, 14 ಮತ್ತು 27ನೇ ಚಾನೆಲ್‌ಗಳನ್ನು ಆರಿಸಿಕೊಂಡು, 14ರಲ್ಲಿ ಕನಿಷ್ಠ ಬರುವಂತೆ ನೋಡಿಕೊಳ್ಳಬೇಕು.

ಉದ್ದದ ಲೆಕ್ಕ

ರೇಡಿಯೊ ತರಂಗದ ಉದ್ದವನ್ನು ಮೀಟರುಗಳಲ್ಲಿ ತಿಳಿಯಲು 300ನ್ನು ಮೆಗಾಹರ್ಟ್ಜ್ ಸಂಖ್ಯೆಯಿಂದ ಭಾಗಿಸಿದರೆ ಸಾಕು. 27.120ಕ್ಕೆ ಅದು ಸುಮಾರು 11.06 ಮೀಟರ್. ವಾಹನದ ಮೇಲೆ ನಿಲ್ಲಿಸುವ ಕಡ್ಡಿಯು ಅದರ ಕಾಲು ಭಾಗ, ಅಂದರೆ 2.77 ಮೀಟರ್ ಇರಬೇಕು. ಲೋಹದ ಕಡ್ಡಿಯಲ್ಲಿ ಸುಮಾರು ಶೇಕಡ 5ರಷ್ಟು ಕಡಿಮೆ ಮಾಡಿದಲ್ಲಿ 2.63 ಮೀಟರ್ ಆಗುತ್ತದೆ. ಲಾರಿಯ ಕ್ಯಾಬಿನ್ನಿನ ಮೇಲೆ ಇಷ್ಟುದ್ದದ ಕಡ್ಡಿಯನ್ನು ನೆಟ್ಟರೆ ಹಳ್ಳಿಯ ರಸ್ತೆಗೆ ಅಡ್ಡಲಾಗಿ ಹಾದಿರುವ ವಿದ್ಯುತ್ ತಂತಿಗೆ ತಗಲುವ ಅಪಾಯವಿದೆ. ಈ ಕಾರಣದಿಂದಲೇ ತಳದಲ್ಲಿ ಅಥವಾ ನಡುವೆ ಸುರುಳಿಯನ್ನು ಅಳವಡಿಸಿದ, ಒಂದರಿಂದ ಒಂದೂವರೆ ಮೀಟರ್ ಉದ್ದದ ಆಂಟೆನಾಗಳು ಬಳಕೆಯಲ್ಲಿವೆ. ಉದ್ದ ಕಡಿಮೆಯಾದಷ್ಟೂ ದಕ್ಷತೆ ಕುಗ್ಗುತ್ತದೆ, ಶ್ರುತಿಯ ವ್ಯಾಪ್ತಿಯೂ ಕಿರಿದಾಗುತ್ತದೆ. ಒಂದು ಗೇಣಿನ ಪುಟ್ಟ ಆಂಟೆನಾ ನೋಡಲು ಅಂದವಾಗಿದ್ದರೂ ಕೆಲಸದಲ್ಲಿ ಹಿಂದೆ ಬೀಳುವುದು ಈ ಕಾರಣಕ್ಕೆ.

ಕಾಲು ತರಂಗದ ಕಡ್ಡಿಯು ಆಂಟೆನಾದ ಅರ್ಧ ಭಾಗ ಮಾತ್ರ ಎಂಬುದನ್ನು ನೆನಪಿಡಬೇಕು. ಉಳಿದರ್ಧದ ಕೆಲಸವನ್ನು ವಾಹನದ ಲೋಹದ ಮೈ ಮಾಡುತ್ತದೆ. ಮೈಯೊಂದಿಗಿನ ಸಂಪರ್ಕ ಸರಿಯಿಲ್ಲದಿದ್ದರೆ ಕಡ್ಡಿಯನ್ನು ಎಷ್ಟು ಹೊಂದಿಸಿದರೂ ಫಲವಿಲ್ಲ. ಛಾವಣಿಯ ನಡುಭಾಗವು ಆಂಟೆನಾಕ್ಕೆ ಉತ್ತಮ ಸ್ಥಳ. ಹಿಂಬದಿಯ ಒಂದು ಮೂಲೆಯಲ್ಲಿಟ್ಟರೆ, ಹೆಚ್ಚು ಲೋಹ ಹರಡಿರುವ ಎದುರು ಮೂಲೆಯ ದಿಕ್ಕಿಗೆ ಸಂಕೇತವು ಹೆಚ್ಚಾಗಿ ಸಾಗುತ್ತದೆ. ಮರದ ಬಾಡಿ ಕಟ್ಟಿಸಿದ ಲಾರಿಗಳಲ್ಲಿ ಆಂಟೆನಾವನ್ನು ಮರದ ಭಾಗಕ್ಕಲ್ಲದೆ ಕ್ಯಾಬಿನ್ನಿನ ಉಕ್ಕಿನ ಭಾಗಕ್ಕೇ ಬಿಗಿಯಬೇಕು. ಫೈಬರ್ ಹಾಗೂ ಅಲ್ಯೂಮಿನಿಯಂ ಮೈಗೆ ಅಯಸ್ಕಾಂತದ ತಳಪಾಯ ಅಂಟಿಕೊಳ್ಳದು.

ಅಳತೆಗೆ ಮುನ್ನ ಮಾಡಬೇಕಾದ ಪರೀಕ್ಷೆ

ಶ್ರುತಿಗೊಳಿಸುವ ಮೊದಲು ಈ ಕೆಳಗಿನ ಅಂಶಗಳನ್ನು ಖಚಿತಪಡಿಸಿಕೊಳ್ಳಬೇಕು.

1. ತಳಪಾಯದ ಸ್ಕ್ರೂ ಕೂರುವ ಜಾಗದಲ್ಲಿ ಬಣ್ಣವನ್ನು ಕೆರೆದು, ಲೋಹಕ್ಕೆ ಲೋಹ ತಗಲುವಂತೆ, ಹಲ್ಲುಳ್ಳ ವಾಷರ್ ಹಾಕಿ ಬಿಗಿಯಬೇಕು. ಬಳಿಕ ತುಕ್ಕು ಹಿಡಿಯದಂತೆ ಹೊರಗಿನಿಂದ ಗ್ರೀಸ್ ಅಥವಾ ಬಣ್ಣ ಬಳಿಯಬೇಕು.

2. ಕೇಬಲ್ 50 ಓಮ್‌ನದ್ದಾಗಿರಬೇಕು. ಟಿ.ವಿ. ಕೇಬಲ್ 75 ಓಮ್ ಆಗಿರುವುದರಿಂದ ಸಲ್ಲದು. ಬಾಗಿಲ ಸಂದಿಯಲ್ಲಿ ಕೇಬಲ್ ಜಜ್ಜಿಹೋಗಿಲ್ಲವೆಂಬುದನ್ನು ನೋಡಬೇಕು.

3. ರೇಡಿಯೊವನ್ನು ಕೇಬಲಿನಿಂದ ಬಿಡಿಸಿ, ಮಲ್ಟಿಮೀಟರ್‌ನಿಂದ ಪ್ಲಗ್ಗಿನ ನಡುಪಿನ್ನಿಗೂ ಆಂಟೆನಾ ಕಡ್ಡಿಗೂ ಸಂಪರ್ಕವಿದೆಯೇ, ಪ್ಲಗ್ಗಿನ ಹೊರಕವಚಕ್ಕೂ ವಾಹನದ ಮೈಗೂ ಸಂಪರ್ಕವಿದೆಯೇ ಎಂದು ನೋಡಬೇಕು. ನಡುಪಿನ್ನಿಗೂ ಹೊರಕವಚಕ್ಕೂ ನಡುವೆ ಸಂಪರ್ಕ ಕಂಡುಬಂದರೆ ಶಾರ್ಟ್ ಆಗಿದೆಯೆಂದು ಶಂಕಿಸಬೇಕು. ಕೆಲವು ಸುರುಳಿ ಆಂಟೆನಾಗಳಲ್ಲಿ ಮಾತ್ರ ತಯಾರಕರೇ ಇಂತಹ ಸಂಪರ್ಕವನ್ನು ಇಟ್ಟಿರುತ್ತಾರೆ. ಕೈಪಿಡಿಯಿಂದ ಅದನ್ನು ತಿಳಿಯಬಹುದು.

4. ಹೆಚ್ಚಿನ ರೇಡಿಯೊಗಳು 12 ವೋಲ್ಟ್‌ನವು; ಭಾರೀ ಲಾರಿಗಳಲ್ಲಿ 24 ವೋಲ್ಟ್ ವ್ಯವಸ್ಥೆಯಿರುತ್ತದೆ. ಎರಡು ಬ್ಯಾಟರಿಗಳಲ್ಲಿ ಒಂದರಿಂದ ಮಾತ್ರ ತಂತಿ ಎಳೆದರೆ ಆ ಬ್ಯಾಟರಿಯು ಬೇಗ ಕೆಡುತ್ತದೆ. 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಬಳಸಿ, ಬ್ಯಾಟರಿಯ ಸಮೀಪದಲ್ಲೇ ಫ್ಯೂಸ್ ಹಾಕಬೇಕು.

ಅಳತೆಯ ಕ್ರಮ

ಆಂಟೆನಾಕ್ಕೆ ಹೋದ ಶಕ್ತಿಯಲ್ಲಿ ಎಷ್ಟು ಭಾಗ ಹಿಂದಿರುಗುತ್ತದೆ ಎಂಬುದನ್ನು ಸ್ಥಾಯೀ ತರಂಗ ಅನುಪಾತದಿಂದ ತಿಳಿಯಬಹುದು. ಇದನ್ನು ಎಸ್.ಡಬ್ಲ್ಯು.ಆರ್. ಎಂದು ಕರೆಯುವುದು ರೂಢಿ. ಇದನ್ನು ಅಳೆಯುವ ಮೀಟರ್ ದುಬಾರಿಯದಲ್ಲ. ನಾಲ್ಕಾರು ವಾಹನಗಳಿರುವ ಸಂಸ್ಥೆಗೆ ಒಂದು ಸಾಕು.

ವಾಹನವನ್ನು ಬಯಲಿನಲ್ಲಿ ನಿಲ್ಲಿಸಬೇಕು. ಶೆಡ್ಡಿನೊಳಗೆ, ತಗಡಿನ ಗೋಡೆಯ ಪಕ್ಕದಲ್ಲಿ, ಮರದ ಕೆಳಗೆ ಅಥವಾ ವಿದ್ಯುತ್ ತಂತಿಯ ಬಳಿ ಅಳೆದರೆ ಅಂಕಿಗಳು ದಾರಿ ತಪ್ಪಿಸುತ್ತವೆ. ಬಾಗಿಲುಗಳನ್ನು ಮುಚ್ಚಿ, ಯಾರೂ ವಾಹನಕ್ಕೆ ಒರಗಿ ನಿಲ್ಲದಂತೆ, ಕಡ್ಡಿಯನ್ನು ಮುಟ್ಟದಂತೆ ನೋಡಿಕೊಳ್ಳಬೇಕು. ಬಳಿಕ ಮೀಟರನ್ನು ರೇಡಿಯೊಗೂ ಆಂಟೆನಾ ಕೇಬಲಿಗೂ ನಡುವೆ, ಒಂದು ಚಿಕ್ಕ 50 ಓಮ್ ಕೇಬಲಿನ ಮೂಲಕ ಜೋಡಿಸಬೇಕು. ಪ್ರಸಾರಕದ ಕಡೆ ಯಾವುದು, ಆಂಟೆನಾದ ಕಡೆ ಯಾವುದು ಎಂಬುದು ಮೀಟರಿನ ಮೇಲೆಯೇ ಗುರುತಾಗಿರುತ್ತದೆ.

ಮೊದಲು 1ನೇ ಚಾನೆಲಿಗೆ ಹೋಗಿ, ಯಾರಾದರೂ ಮಾತನಾಡುತ್ತಿದ್ದಾರೆಯೇ ಎಂದು ಕೇಳಬೇಕು. ಚಾನೆಲ್ ಖಾಲಿಯಿದ್ದರೆ ರೇಡಿಯೊವನ್ನು ಎ.ಎಂ. ಅಥವಾ ಎಫ್.ಎಂ. ಕ್ರಮದಲ್ಲಿಟ್ಟು, ಮೀಟರಿನ ಸ್ವಿಚ್ಚನ್ನು ಮುಂದಿನ ಶಕ್ತಿಯ ಕಡೆಗೆ ತಿರುಗಿಸಿ, ಮಾತನಾಡದೆ ಗುಂಡಿಯನ್ನು ಒತ್ತಿ, ಮುಳ್ಳು ಪೂರ್ಣ ಅಳತೆಯ ಗೆರೆಗೆ ಬರುವಂತೆ ಹೊಂದಿಸಬೇಕು. ಸ್ವಿಚ್ಚನ್ನು ಹಿಂದಿರುಗುವ ಶಕ್ತಿಯ ಕಡೆಗೆ ತಿರುಗಿಸಿದಾಗ ಅನುಪಾತವು ತಿಳಿಯುತ್ತದೆ. ಇದೆಲ್ಲ ಕೆಲವೇ ಸೆಕೆಂಡುಗಳಲ್ಲಿ ಮುಗಿಯಬೇಕು. ಇದೇ ಕ್ರಮವನ್ನು 14 ಮತ್ತು 27ನೇ ಚಾನೆಲ್‌ಗಳಲ್ಲಿ, ಪ್ರತಿ ಬಾರಿಯೂ ಪೂರ್ಣ ಅಳತೆಗೆ ಹೊಂದಿಸಿಕೊಂಡು, ಪುನರಾವರ್ತಿಸಬೇಕು. ಮೂರೂ ಚಾನೆಲ್‌ಗಳಲ್ಲಿ ಅನುಪಾತವು 3ನ್ನು ಮೀರಿದರೆ ಪ್ರಸಾರವನ್ನು ಕೂಡಲೇ ನಿಲ್ಲಿಸಬೇಕು. ಅದು ಉದ್ದದ ಸಮಸ್ಯೆಗಿಂತ ಹೆಚ್ಚಾಗಿ ಕೇಬಲ್, ಪ್ಲಗ್ ಅಥವಾ ತಳಪಾಯದ ದೋಷವಾಗಿರುತ್ತದೆ.

ಅಂಕಿಗಳನ್ನು ಓದುವ ಬಗೆ ಸರಳವಾಗಿದೆ:

– 1ರಲ್ಲಿ ಕಡಿಮೆ, 27ರಲ್ಲಿ ಹೆಚ್ಚು ಬಂದರೆ ಕಡ್ಡಿ ಉದ್ದವಾಗಿದೆ, ಗಿಡ್ಡ ಮಾಡಬೇಕು.
– 1ರಲ್ಲಿ ಹೆಚ್ಚು, 27ರಲ್ಲಿ ಕಡಿಮೆ ಬಂದರೆ ಕಡ್ಡಿ ಗಿಡ್ಡವಾಗಿದೆ; ಉದ್ದ ಮಾಡಬೇಕು.
– 14ರಲ್ಲಿ ಕನಿಷ್ಠವಿದ್ದು, ಎರಡು ಬದಿಗಳಲ್ಲೂ ಸಮನಾಗಿ ಏರಿದರೆ ಶ್ರುತಿ ಸರಿಯಾಗಿದೆ.

ಉದಾಹರಣೆಗೆ, ಒಂದು ವಾಹನದಲ್ಲಿ 1, 14, 27ನೇ ಚಾನೆಲ್‌ಗಳಲ್ಲಿ ಕ್ರಮವಾಗಿ 1.4, 1.8, 2.3 ಬಂದಿತೆನ್ನೋಣ. ಕಡ್ಡಿ ಉದ್ದವಾಗಿದೆಯೆಂದು ತಿಳಿಯುತ್ತದೆ. ಕನಿಷ್ಠ ಬಿಂದು 26.965ರ ಆಸುಪಾಸಿನಲ್ಲಿದೆ ಎಂದು ಭಾವಿಸಿದರೆ, ಅದನ್ನು 27.120ಕ್ಕೆ ತರಲು ಆವರ್ತನವನ್ನು ಸುಮಾರು ಶೇಕಡ 0.57ರಷ್ಟು ಏರಿಸಬೇಕು. ಪೂರ್ಣ ಉದ್ದದ 2.63 ಮೀಟರ್ ಕಡ್ಡಿಯಲ್ಲಿ ಇದು ಒಂದೂವರೆ ಸೆಂಟಿಮೀಟರ್ ಮಾತ್ರ. ಇಡೀ ಪಟ್ಟಿಯ ಅಗಲ 326 ಕಿಲೋಹರ್ಟ್ಜ್, ಅಂದರೆ ಶೇಕಡ 1.2, ಅದೂ ಮೂರು ಸೆಂಟಿಮೀಟರಿಗೆ ಸಮ. ಸುರುಳಿಯುಳ್ಳ ಗಿಡ್ಡ ಆಂಟೆನಾದಲ್ಲಿ ತುದಿಯ ಕೆಲವೇ ಮಿಲಿಮೀಟರುಗಳು ಅಷ್ಟೇ ಪರಿಣಾಮ ಬೀರುತ್ತವೆ. ಆದ್ದರಿಂದ ಮೊದಲು ತುದಿಯ ಸ್ಕ್ರೂ ಸಡಿಲಿಸಿ ಕಡ್ಡಿಯನ್ನು ಒಳಗೆ ಸರಿಸಿ ನೋಡಬೇಕು. ಕತ್ತರಿಸುವುದು ಅನಿವಾರ್ಯವಾದರೆ ಒಂದು ಬಾರಿಗೆ ಮೂರು ಮಿಲಿಮೀಟರಿಗಿಂತ ಹೆಚ್ಚು ಕತ್ತರಿಸದೆ, ಪ್ರತಿ ಸಲವೂ ಅಳೆದು ಮುಂದುವರಿಯಬೇಕು. ಕತ್ತರಿಸಿದ ಕಡ್ಡಿ ಮತ್ತೆ ಬೆಳೆಯುವುದಿಲ್ಲ.

ಎಷ್ಟಾದರೆ ಸಾಕು?

ಅನುಪಾತದಿಂದ ಹಿಂದಿರುಗುವ ಶಕ್ತಿಯನ್ನು ಲೆಕ್ಕ ಹಾಕಬಹುದು. ಅನುಪಾತದಲ್ಲಿ ಒಂದನ್ನು ಕಳೆದು, ಬಂದದ್ದನ್ನು ಅನುಪಾತಕ್ಕೆ ಒಂದು ಕೂಡಿಸಿದ ಸಂಖ್ಯೆಯಿಂದ ಭಾಗಿಸಿ, ವರ್ಗ ಮಾಡಿದರೆ ಆ ಪಾಲು ದೊರೆಯುತ್ತದೆ. 4 ವಾಟ್ ಪ್ರಸಾರಕಕ್ಕೆ ಅದು ಹೀಗಿದೆ:

ಅನುಪಾತ 1.2 – ಹಿಂದಿರುಗುವುದು ಶೇಕಡ 0.8 – 0.03 ವಾಟ್
ಅನುಪಾತ 1.5 – ಶೇಕಡ 4 – 0.16 ವಾಟ್
ಅನುಪಾತ 2.0 – ಶೇಕಡ 11 – 0.44 ವಾಟ್
ಅನುಪಾತ 3.0 – ಶೇಕಡ 25 – 1.00 ವಾಟ್
ಅನುಪಾತ 5.0 – ಶೇಕಡ 44 – 1.78 ವಾಟ್

ಈ ಪಟ್ಟಿಯಿಂದ ಎರಡು ತೀರ್ಮಾನಗಳಿಗೆ ಬರಬಹುದು. 3ಕ್ಕಿಂತ ಮೇಲಿನ ಅನುಪಾತವು ಉಪಕರಣಕ್ಕೆ ಅಪಾಯಕಾರಿ. ಆದರೆ 1.5ನ್ನು 1.2ಕ್ಕೆ ಇಳಿಸಲು ಇಡೀ ದಿನ ವ್ಯಯಿಸುವುದು ವ್ಯರ್ಥ. ಉಳಿತಾಯವಾಗುವುದು ಶೇಕಡ 3ರಷ್ಟು ಶಕ್ತಿ ಮಾತ್ರ, ಕೇಳುವವನಿಗೆ ಅದರ ವ್ಯತ್ಯಾಸವೇ ತಿಳಿಯದು. 1.5ರ ಒಳಗೆ ಬಂದರೆ ಉತ್ತಮ. ಪಟ್ಟಿಯ ಎರಡು ಅಂಚುಗಳಲ್ಲಿ 2ರ ಒಳಗಿದ್ದರೆ ತೃಪ್ತಿಕರ.

ಇನ್ನೊಂದು ಎಚ್ಚರಿಕೆ ಇದಕ್ಕಿಂತ ಮುಖ್ಯವಾದದ್ದು. ತಾಳೆಪಟ್ಟಿಯ ಎರಡೂ ಬದಿಗಳು ಕೂಡಿಬಂದ ಮಾತ್ರಕ್ಕೆ ಲೆಕ್ಕದಲ್ಲಿ ತಪ್ಪಿಲ್ಲವೆಂದು ಹೇಳಲಾಗದಷ್ಟೆ. ಅದೇ ರೀತಿ ಕಡಿಮೆ ಅನುಪಾತ ಬಂದ ಮಾತ್ರಕ್ಕೆ ಆಂಟೆನಾ ಚೆನ್ನಾಗಿದೆಯೆಂದೂ ಹೇಳಲಾಗದು. ಆಂಟೆನಾದ ಬದಲು ಒಂದು 50 ಓಮ್ ರೆಸಿಸ್ಟರ್ ಜೋಡಿಸಿದರೆ ಮೀಟರ್ 1 ಎಂದೇ ತೋರಿಸುತ್ತದೆ, ಆದರೆ ಆ ಶಕ್ತಿಯೆಲ್ಲ ಶಾಖವಾಗಿ ಹೋಗುತ್ತದೆಯೇ ಹೊರತು ಹೊರಗೆ ಹೋಗುವುದಿಲ್ಲ. ಒಳಗೆ ನೀರು ಸೇರಿದ ಕೇಬಲ್ ಹೋದ ಶಕ್ತಿಯನ್ನೂ ಹಿಂದಿರುಗುವ ಶಕ್ತಿಯನ್ನೂ ತಾನೇ ನುಂಗಿ, ಮೀಟರಿನಲ್ಲಿ ಸುಂದರವಾದ ಅಂಕಿಯನ್ನು ತೋರಿಸಬಲ್ಲದು. ಆದ್ದರಿಂದ ಅಳತೆ ಮುಗಿದ ಮೇಲೆ ಎರಡು ವಾಹನಗಳನ್ನು ಗೊತ್ತಾದ ದೂರದಲ್ಲಿ ನಿಲ್ಲಿಸಿ ಮಾತನಾಡಿ ನೋಡುವುದೇ ಅಂತಿಮ ಪರೀಕ್ಷೆ.

ದೂರದ ನಿರೀಕ್ಷೆಯೂ ವಾಸ್ತವಕ್ಕೆ ಹತ್ತಿರವಾಗಿರಬೇಕು. ಬಯಲಿನಲ್ಲಿ ವಾಹನದಿಂದ ವಾಹನಕ್ಕೆ ಕೆಲವು ಕಿಲೋಮೀಟರ್ ಸಿಗಬಹುದು. ನಡುವೆ ಸಾವನದುರ್ಗದಂತಹ ಬಂಡೆ ಅಡ್ಡ ಬಂದರೆ ಶ್ರುತಿ ಎಷ್ಟೇ ಸರಿಯಿದ್ದರೂ ಸಂಕೇತ ಕ್ಷೀಣಿಸುತ್ತದೆ. ಏರಿನ ಮೇಲೆ ನಿಂತ ವಾಹನವು ಎರಡೂ ಬದಿಯ ಮಾತನ್ನು ದಾಟಿಸುವುದು ಅಂತಹ ಸಂದರ್ಭದಲ್ಲಿ ಉಪಯುಕ್ತ ಪದ್ಧತಿ. ಸೂರ್ಯಕಲೆಗಳು ಹೆಚ್ಚಿರುವ ವರ್ಷಗಳಲ್ಲಿ ಹಗಲು ಹೊತ್ತು ಸಾವಿರಾರು ಕಿಲೋಮೀಟರ್ ದೂರದ ಧ್ವನಿಗಳು ಇದೇ ಪಟ್ಟಿಯಲ್ಲಿ ಕೇಳಿಬರುವುದೂ ಉಂಟು. ಅದು ಉಪಕರಣದ ದೋಷವಲ್ಲ.

ಕಾರ್ಖಾನೆಗಳ ಸದ್ದು

ಸಣ್ಣ ಕೈಗಾರಿಕೆಗಳವರಿಗೆ ಆಸಕ್ತಿಯ ಸಂಗತಿಯೊಂದು ಇಲ್ಲಿದೆ. 27.120 ಮೆಗಾಹರ್ಟ್ಜ್ ಅಂತಾರಾಷ್ಟ್ರೀಯವಾಗಿ ಕೈಗಾರಿಕಾ ಉಪಕರಣಗಳಿಗೂ ಮೀಸಲಾದ ಆವರ್ತನ. ಪಿ.ವಿ.ಸಿ. ಹೊದಿಕೆ, ಫೈಲು ಕವರ್ ಮೊದಲಾದವುಗಳನ್ನು ಬೆಸೆಯುವ ಹೈ ಫ್ರೀಕ್ವೆನ್ಸಿ ವೆಲ್ಡಿಂಗ್ ಯಂತ್ರಗಳು ಸಾಮಾನ್ಯವಾಗಿ ಇದರಲ್ಲಿಯೇ ನಡೆಯುತ್ತವೆ. ಅಂತಹ ಘಟಕದ ಸಮೀಪದಲ್ಲಿ 13, 14ನೇ ಚಾನೆಲ್‌ಗಳಲ್ಲಿ ಜೋರಾದ ಗುಂಯ್‌ಗುಡುವಿಕೆ ಕೇಳಿಬಂದರೆ ಆಶ್ಚರ್ಯಪಡಬೇಕಾಗಿಲ್ಲ. ನಿಯಮದ ಪ್ರಕಾರ ಅದರ ವಿರುದ್ಧ ರಕ್ಷಣೆಯೂ ಇಲ್ಲ. ಬೇರೆ ಚಾನೆಲಿಗೆ ಹೋಗುವುದೇ ಪರಿಹಾರ. ಎಂಜಿನ್ ಚಾಲೂ ಮಾಡಿದಾಗ ಮಾತ್ರ ಸದ್ದು ಬಂದರೆ ಆಲ್ಟರ್ನೇಟರ್, ವೈಪರ್ ಮೋಟಾರ್, ಎಲ್.ಇ.ಡಿ. ದೀಪ, ಅಗ್ಗದ ಮೊಬೈಲ್ ಚಾರ್ಜರ್‌ಗಳನ್ನು ಒಂದೊಂದಾಗಿ ಶೋಧಿಸಬೇಕು.

ಸ್ಫೋಟಕಗಳಿರುವೆಡೆ ಪ್ರಸಾರ ಸಲ್ಲದು

ಕಲ್ಲುಗಣಿಗಳಿಗೆ ಹೋಗುವ ವಾಹನಗಳ ಮಾಲೀಕರು ಈ ಅಂಶವನ್ನು ವಿಶೇಷವಾಗಿ ಗಮನಿಸಬೇಕು. ವಿದ್ಯುತ್ತಿನಿಂದ ಸಿಡಿಯುವ ಡಿಟೋನೇಟರ್‌ನ ತಂತಿಗಳು ಆಂಟೆನಾದಂತೆಯೇ ವರ್ತಿಸಿ, ಸಮೀಪದ ಪ್ರಸಾರಕದ ಶಕ್ತಿಯನ್ನು ಗ್ರಹಿಸಬಲ್ಲವು. ಅಕಾಲದಲ್ಲಿ ಸ್ಫೋಟವಾಗುವ ಅಪಾಯವು ಇದರಲ್ಲಿದೆ. ಅಮೆರಿಕದ ಸ್ಫೋಟಕ ತಯಾರಕರ ಸಂಸ್ಥೆಯು ಪ್ರಸಾರಕದ ಶಕ್ತಿ ಮತ್ತು ಆವರ್ತನಗಳಿಗೆ ಅನುಗುಣವಾಗಿ ಕಾಯ್ದುಕೊಳ್ಳಬೇಕಾದ ದೂರಗಳ ಕೋಷ್ಟಕಗಳನ್ನು ಪ್ರಕಟಿಸಿರುವುದು ಇದೇ ಕಾರಣಕ್ಕೆ. 2021ರ ಜನವರಿಯಲ್ಲಿ ಶಿವಮೊಗ್ಗ ಸಮೀಪದ ಹುಣಸೋಡಿನಲ್ಲಿ ಹಾಗೂ ಮರು ತಿಂಗಳು ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಸಂಭವಿಸಿದ ಸ್ಫೋಟಗಳಿಗೂ ರೇಡಿಯೊಗೂ ಸಂಬಂಧ ಕಲ್ಪಿಸಬೇಕಾಗಿಲ್ಲ. ಆದರೆ ಗಣಿಯ ಸ್ಫೋಟಕಗಳ ವಿಷಯದಲ್ಲಿ ಅಲಕ್ಷ್ಯಕ್ಕೆ ತೆರಬೇಕಾದ ಬೆಲೆ ಎಷ್ಟೆಂಬುದನ್ನು ಅವು ಇಡೀ ರಾಜ್ಯಕ್ಕೆ ತೋರಿಸಿಕೊಟ್ಟವು.

ಗಣಿಯ ಪ್ರವೇಶದ್ವಾರದಲ್ಲಿಯೇ ರೇಡಿಯೊವನ್ನು ಸಂಪೂರ್ಣವಾಗಿ ಆರಿಸುವುದು, ಸ್ಫೋಟಕ ತುಂಬುವ ವೇಳೆಯಲ್ಲಿ ಅಧಿಕೃತ ಬ್ಲಾಸ್ಟರ್‌ನ ಅನುಮತಿಯಿಲ್ಲದೆ ವಾಹನ ಒಳಗೆ ಹೋಗದಿರುವುದು, ಈ ಸೂಚನೆಯನ್ನು ಡ್ಯಾಶ್‌ಬೋರ್ಡಿನ ಮೇಲೆ ಕನ್ನಡದಲ್ಲಿ ಬರೆಸಿ ಅಂಟಿಸುವುದು, ಇವಿಷ್ಟನ್ನು ಕಡ್ಡಾಯ ಮಾಡತಕ್ಕದ್ದು. ಪೆಟ್ರೋಲ್ ಬಂಕುಗಳಲ್ಲಿಯೂ ಪ್ರಸಾರ ಮಾಡಬಾರದು. ಚಾಲಕನು ಸೂಚನೆಯನ್ನು ಓದಿ ತಿಳಿದಿದ್ದಾನೆಂಬುದಕ್ಕೆ ಸಹಿ ಪಡೆದು ಇಡುವುದು ಮಾಲೀಕರ ಹಿತದೃಷ್ಟಿಯಿಂದಲೂ ಉಚಿತ.

ಲೆಕ್ಕಪುಸ್ತಕದಲ್ಲಿ

ರೇಡಿಯೊ, ಆಂಟೆನಾ, ಕೇಬಲ್, ತಳಪಾಯ, ಕನ್ವರ್ಟರ್ ಹಾಗೂ ಅವುಗಳನ್ನು ಅಳವಡಿಸಿದ ಕೂಲಿ, ಇವೆಲ್ಲವೂ ಸೇರಿ ಆಸ್ತಿಯ ಮೂಲ ವೆಚ್ಚವಾಗುತ್ತದೆ. ಇದನ್ನು ಆ ವರ್ಷದ ದುರಸ್ತಿ ಖರ್ಚಿಗೆ ಬರೆಯುವುದು ಸರಿಯಲ್ಲ. ಆದಾಯ ತೆರಿಗೆಯಲ್ಲಿ ಸಾಮಾನ್ಯ ಯಂತ್ರೋಪಕರಣಗಳ ಸವಕಳಿ ದರ ಶೇಕಡ 15. ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಕಾಲ ಬಳಸಿದ್ದಲ್ಲಿ ಅದರ ಅರ್ಧ. ಮುಂದೆ ಮುರಿದ ಕಡ್ಡಿ, ಹಾಳಾದ ಪ್ಲಗ್ ಅಥವಾ ಕೇಬಲನ್ನು ಬದಲಿಸಿದ ಖರ್ಚು ದುರಸ್ತಿಯ ಬಾಬಿಗೆ ಸೇರುತ್ತದೆ.

ಒಬ್ಬ ಮಾರಾಟಗಾರರಿಗೆ ಒಂದೇ ದಿನ 10,000 ರೂಪಾಯಿಗಳಿಗಿಂತ ಹೆಚ್ಚಿನ ಹಣವನ್ನು ನಗದಾಗಿ ಪಾವತಿಸಿದಲ್ಲಿ ಆ ಮೊತ್ತವು ಆಸ್ತಿಯ ವೆಚ್ಚಕ್ಕೆ ಸೇರುವುದಿಲ್ಲ, ಪರಿಣಾಮವಾಗಿ ಸವಕಳಿಯೂ ಸಿಗದು. ಜಿ.ಎಸ್.ಟಿ. ಹೂಡುವಳಿ ತೆರಿಗೆ ಜಮೆಗೆ ಅರ್ಹರಾದವರು ಬಿಲ್ಲಿನಲ್ಲಿ ತಮ್ಮ ನೋಂದಣಿ ಸಂಖ್ಯೆ ಇರುವುದನ್ನು ನೋಡಿಕೊಳ್ಳಬೇಕು. ತೆರಿಗೆಯ ಭಾಗಕ್ಕೆ ಜಮೆಯನ್ನು ಪಡೆದವರು ಅದೇ ಭಾಗದ ಮೇಲೆ ಸವಕಳಿಯನ್ನೂ ಪಡೆಯುವಂತಿಲ್ಲ. ಬಿಲ್ಲಿಲ್ಲದೆ ಕೊಂಡ ಉಪಕರಣವು ಅಗ್ಗವೆಂದು ಕಂಡರೂ ಜಮೆ, ಸವಕಳಿ, ಮಾದರಿ ಅನುಮೋದನೆ ಮೂರನ್ನೂ ಕಳೆದುಕೊಂಡ ಮೇಲೆ ಅದು ಅಗ್ಗವಾಗಿ ಉಳಿಯುವುದಿಲ್ಲ. ವಾಹನಕ್ಕೆ ಹೊಸದಾಗಿ ಅಳವಡಿಸಿದ ವಿದ್ಯುನ್ಮಾನ ಉಪಕರಣವನ್ನು ವಿಮಾ ಸಂಸ್ಥೆಗೆ ಲಿಖಿತವಾಗಿ ತಿಳಿಸಿ ಪಾಲಿಸಿಯಲ್ಲಿ ಸೇರಿಸುವುದನ್ನೂ ಮರೆಯಬಾರದು.

ಪ್ರತಿ ವಾಹನಕ್ಕೂ ಒಂದು ಕಾರ್ಡನ್ನು ಇಡುವುದು ಉಪಯುಕ್ತ. ಅದರಲ್ಲಿ ಉಪಕರಣದ ಕ್ರಮಸಂಖ್ಯೆ, ಅನುಮೋದನೆಯ ಸಂಖ್ಯೆ, ಅಳತೆಯ ದಿನಾಂಕ, 1, 14, 27ನೇ ಚಾನೆಲ್‌ಗಳ ಅನುಪಾತ ಹಾಗೂ ಕಡ್ಡಿಯ ಉದ್ದವನ್ನು ಬರೆದಿಡಬೇಕು. ಮಳೆಗಾಲಕ್ಕೆ ಮುನ್ನ ಒಮ್ಮೆ, ಮುಗಿದ ಮೇಲೆ ಒಮ್ಮೆ ಅಳೆದರೆ ಸಾಕು. ಮೊದಲು 1.3 ಇದ್ದ ಅಂಕಿಯು ಒಮ್ಮೆಗೇ 2.5ಕ್ಕೆ ಏರಿದ್ದರೆ ಕಡ್ಡಿಯನ್ನು ಮುಟ್ಟದೆ, ತಳಪಾಯದ ತುಕ್ಕು ಮತ್ತು ಪ್ಲಗ್ಗಿನ ಬೆಸುಗೆಯನ್ನು ಮೊದಲು ನೋಡಬೇಕು. ಏಕೆಂದರೆ ಕಡ್ಡಿಯ ಉದ್ದ ತಾನಾಗಿ ಬದಲಾಗುವುದಿಲ್ಲ.

ಒಟ್ಟಿನಲ್ಲಿ ಹೇಳುವುದಾದರೆ, ಅನುಮೋದನೆಯುಳ್ಳ ಉಪಕರಣ, 27ರೊಳಗಿನ ಚಾನೆಲ್, ಗಟ್ಟಿಯಾದ ತಳಪಾಯ, 14ನೇ ಚಾನೆಲಿಗೆ ಹೊಂದಿಸಿದ ಕಡ್ಡಿ ಮತ್ತು ಗಣಿಯ ಬಾಗಿಲಲ್ಲಿ ಆರಿಸಿದ ಸ್ವಿಚ್, ಇವಿಷ್ಟಿದ್ದಲ್ಲಿ ಸಿ.ಬಿ. ರೇಡಿಯೊವು ಸಣ್ಣ ಸಾಗಣೆದಾರರಿಗೆ ಮಿತವ್ಯಯದ ಸಹಾಯಕವಾಗಬಲ್ಲದು. ಸಂಘದ ಸದಸ್ಯರಲ್ಲಿ ಹಲವರು ಒಂದೇ ಮಾರ್ಗದಲ್ಲಿ ವಾಹನಗಳನ್ನು ಓಡಿಸುತ್ತಿರುವುದರಿಂದ, ಅಳತೆಯ ಮೀಟರನ್ನು ಸಾಮೂಹಿಕವಾಗಿ ಕೊಂಡು, ವರ್ಷಕ್ಕೆರಡು ಬಾರಿ ಒಂದೇ ಬಯಲಿನಲ್ಲಿ ಎಲ್ಲ ವಾಹನಗಳನ್ನೂ ಪರೀಕ್ಷಿಸುವ ಏರ್ಪಾಡು ಮಾಡಿಕೊಂಡರೆ ವೆಚ್ಚವೂ ಹಂಚಿಹೋಗುತ್ತದೆ, ದೋಷಗಳೂ ಬೇಗ ಬೆಳಕಿಗೆ ಬರುತ್ತವೆ.